ಕಾಲೇಜು ಹುಡುಗರು ಹೋರಾಡಿದರೆ ಕಾಡಿನೊಳಗಿನ ಯೋಜನೆ ನಿಲ್ಲುತ್ತಾ?

ನಿಲ್ಲುತ್ತಾ, ಇಲ್ಲಾ ಸುಮ್ನೆ ಪೋಸ್ಟ್ ಹಾಕಿಕೊಳ್ಳೋಕೆ ಮಾತ್ರಾನಾ ಅಂತ ಕೇಳಿದ್ದೀರಿ. ನಿಲ್ಲುತ್ತದೆ, ಕಾಗದಪತ್ರ ಓದುವ ತಾಳ್ಮೆ ಇದ್ದರೆ. ಗೋವಾದ ಮೊಲ್ಲೆಮ್ ನೋಡಿ.

ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳಿದರೆ ಸಿಗುವ ಕಾಡು ಅದು. ದೂಧ್‌ಸಾಗರ್ ಜಲಪಾತ ಇರುವುದು ಅಲ್ಲೇ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಸೇರಿ ಸುಮಾರು 240 ಚದರ ಕಿ.ಮೀ. ಈ ಕಡೆ ನಮ್ಮ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಮೊಲ್ಲೆಮ್ ಕಾಡಿನೊಳಗೆ ಮೂರು ಯೋಜನೆ ತರಲು ಹೊರಟರು: ಜೋಡಿ ರೈಲು ಹಳಿ, ಹೆದ್ದಾರಿ ಅಗಲೀಕರಣ, 400 ಕೆ.ವಿ. ವಿದ್ಯುತ್ ಲೈನ್. 2020ರ ಲಾಕ್‌ಡೌನ್‌ನಲ್ಲಿ ಮನೆಯಲ್ಲೇ ಕೂತಿದ್ದ ವಿದ್ಯಾರ್ಥಿಗಳು, ಕಲಾವಿದರು, ಯುವ ವಕೀಲರು, ಸಂಶೋಧಕರು ಆನ್‌ಲೈನ್‌ನಲ್ಲೇ ಒಟ್ಟಾದರು. ಕೆಲವರು ಅಲ್ಲಿನ ಗಿಡ, ಪ್ರಾಣಿಗಳ ಚಿತ್ರ ಬಿಡಿಸಿದರು. ಉಳಿದವರು ಯೋಜನೆಯ ವರದಿಗಳನ್ನು ಕೂತು ಓದಿ ಹುಳುಕು ಹುಡುಕಿದರು. ನವೆಂಬರ್‌ನಲ್ಲಿ ಅದೇ ರೈಲು ದಾರಿಯ ಚಾಂದೋರ್ ಹಳ್ಳಿಯಲ್ಲಿ ಊರಿನವರ ಜೊತೆ ರಾತ್ರಿಯಿಡೀ ಹಳಿ ಮೇಲೆ ಕೂತರು. ಕೆಲವರ ಮೇಲೆ ಕೇಸೂ ಬಿತ್ತು.

ಜೋಡಿ ಹಳಿ ಯಾಕೆ ಬೇಕಿತ್ತು? ಮುರ್ಮುಗೋವಾ ಬಂದರಿನ ಕಲ್ಲಿದ್ದಲನ್ನು ನಮ್ಮ ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗಳಿಗೆ ಸಾಗಿಸಲು ಅನ್ನುವುದು ವಿರೋಧಿಸಿದವರ ವಾದ. ಹಾಗಾಗಿ ಇದು ಬರೀ ಗೋವಾದವರ ಜಗಳ ಅಂತ ನನಗನ್ನಿಸುವುದಿಲ್ಲ. ಆ ಘಟ್ಟದಲ್ಲಿ 37 ಅಡಿಗೆ 1 ಅಡಿ ಏರು. ಗೂಡ್ಸ್ ರೈಲಿಗೆ ಹಿಂದೆ ಬೇರೆ ಎಂಜಿನ್ ಕಟ್ಟಿ ತಳ್ಳಿಸಬೇಕು. ಹಳಿ ಎರಡಾದರೆ ಏರು ಕಮ್ಮಿಯಾಗುತ್ತದೆಯೇ? ಸುಪ್ರೀಂ ಕೋರ್ಟಿನ ಕೇಂದ್ರ ಉನ್ನತಾಧಿಕಾರ ಸಮಿತಿ 2021ರಲ್ಲಿ ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ: ಕಾಡಿಗೆ ಹಾನಿ ಜಾಸ್ತಿ, ರೈಲಿಗೆ ಲಾಭ ಅಷ್ಟಕ್ಕಷ್ಟೆ. 2022ರ ಮೇ ತಿಂಗಳಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿ ಆ ಹಳಿಗೆ ಕೊಟ್ಟಿದ್ದ ಒಪ್ಪಿಗೆಯನ್ನೇ ಕೋರ್ಟು ರದ್ದು ಮಾಡಿತು.

ಹುಡುಗರಷ್ಟೇ ಗೆದ್ದರು ಅನ್ನಲಾರೆ. ಕೋರ್ಟಿಗೆ ಹೋಗಿದ್ದು ಗೋವಾ ಫೌಂಡೇಶನ್, ಇಂಥ ಕೇಸುಗಳಲ್ಲಿ ಪಳಗಿದ ಹಳೇ ಸಂಸ್ಥೆ. ಇನ್ನೊಂದು ವಿಷಯ, ಸರಿಯಾದ ಅಧ್ಯಯನ ಮಾಡಿಕೊಂಡು ಮತ್ತೆ ಅರ್ಜಿ ಹಾಕಬಹುದು ಅಂತಲೂ ಕೋರ್ಟು ಬಾಗಿಲು ತೆರೆದಿಟ್ಟಿದೆ.

ನಿಮ್ಮ ಊರಿನ ಕಾಡಿಗೂ ಇಂಥ ಯೋಜನೆ ಬರುತ್ತಿದ್ದರೆ, ಮೊದಲು ಕೇಂದ್ರ ಪರಿಸರ ಸಚಿವಾಲಯದ 'ಪರಿವೇಶ್' ಜಾಲತಾಣಕ್ಕೆ ಹೋಗಿ. ಯೋಜನೆಯ ಅರ್ಜಿ, ನಕ್ಷೆ, ಸಭೆಯ ನಡಾವಳಿ ಅಲ್ಲಿ ಹುಡುಕಿ ಇಳಿಸಿಕೊಳ್ಳಿ. ನಕ್ಷೆಯಲ್ಲಿ ಹಳ್ಳ, ಆನೆ ದಾರಿ ಇವೆಯಾ ನೋಡಿ. ಇಲ್ಲದಿದ್ದರೆ ಫೋಟೊ ತೆಗೆದು, ತಾರೀಕು ಹಾಕಿ, ಊರಿನವರ ಸಹಿ ಪಡೆದು ಬರವಣಿಗೆಯಲ್ಲೇ ಆಕ್ಷೇಪಣೆ ಕೊಡಿ. ಸ್ವೀಕೃತಿ ಮಾತ್ರ ತಪ್ಪದೆ ಇಸಕೊಳ್ಳಿ.