ಸೊಂಟದ ಕೆಳಗೆ ಒಂದೇ ಬದಿ ನೋವು: ಡಿಸ್ಕ್ ಅಲ್ಲದಿದ್ದರೆ ಏನು?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಬದಿಯಡ್ಕದ ಹತ್ತಿರ. ನನಗೆ 39 ವರ್ಷ. ಅಡಿಕೆ ತೋಟ ಇದೆ, ಹಟ್ಟಿಯಲ್ಲಿ ಎರಡು ದನ ಇವೆ. ಎರಡನೇ ಹೆರಿಗೆ ಆದ ಮೇಲೆ ಸೊಂಟದ ಕೆಳಗೆ ಬಲಬದಿಯಲ್ಲಿ ಶುರುವಾದ ನೋವು ಪೂರ್ತಿ ಹೋಗಲೇ ಇಲ್ಲ. ಹಾಲು ಕರೆದು ಏಳುವಾಗ, ರಾತ್ರಿ ಮಗ್ಗುಲು ಬದಲಿಸುವಾಗ ಚಳಕ್ ಅನ್ನುತ್ತದೆ. ಮಂಗಳೂರಿಗೆ ಹೋಗಿ ಎಂಆರ್‌ಐ ಮಾಡಿಸಿದೆ, ಡಿಸ್ಕ್ ಸ್ವಲ್ಪ ಉಬ್ಬಿದೆ ಎಂದು ಬರೆದಿದ್ದಾರೆ. ಊರಿನಲ್ಲಿ ಒಬ್ಬರು ಸೊಂಟ ಜಾರಿದೆ, ಎಳೆದು ಕೂರಿಸುತ್ತೇನೆ ಎನ್ನುತ್ತಿದ್ದಾರೆ. ಎಳೆಸಬಹುದೇ?

ಉತ್ತರ: ಎಳೆಸಬೇಡಿ. ಮೊದಲು ಒಂದು ಕೆಲಸ ಮಾಡಿ. ನಿಂತುಕೊಂಡು, ನೋವು ಎಲ್ಲಿ ಅಂತ ಒಂದೇ ಬೆರಳಿನಲ್ಲಿ ಮುಟ್ಟಿ ತೋರಿಸಿ. ಸೊಂಟದ ಹಿಂದೆ ಎರಡು ಕಡೆ ಸಣ್ಣ ಗುಳಿ ಇರುತ್ತದಲ್ಲ, ಬೆರಳು ಪ್ರತಿಸಲ ಅದರ ಪಕ್ಕಕ್ಕೇ, ಸ್ವಲ್ಪ ಕೆಳಗೆ ಹೋದರೆ ನೋವು ಸ್ಯಾಕ್ರೋಇಲಿಯಾಕ್ ಕೀಲಿನದ್ದು ಇರಬಹುದು. ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವ ಜಾಗ ಅದು. ಮೇಲಿನ ಮೈಯ ಭಾರವೆಲ್ಲ ಕಾಲಿಗೆ ಇಳಿಯುವುದು ಇದರ ಮೂಲಕವೇ. ಈ ನೋವು ಅಂಡಿಗೆ, ತೊಡೆಸಂದಿಗೆ, ತೊಡೆಯ ಹಿಂಭಾಗಕ್ಕೆ ಹರಡಬಹುದು. ಮೊಣಕಾಲು ದಾಟಿ ಪಾದದವರೆಗೆ ಹೋಗುವುದು ಕಡಿಮೆ.

ಹಾಗಾದರೆ ಎಂಆರ್‌ಐ ಸುಳ್ಳಾ? ಸುಳ್ಳಲ್ಲ. ಆದರೆ ನೋವೇ ಇಲ್ಲದ 40 ವರ್ಷದವರನ್ನು ಸ್ಕ್ಯಾನ್ ಮಾಡಿದರೂ ಸುಮಾರು ಅರ್ಧದಷ್ಟು ಮಂದಿಯಲ್ಲಿ ಡಿಸ್ಕ್ ಉಬ್ಬಿರುವುದು ಕಾಣುತ್ತದೆ. ಫಿಲ್ಮಿನಲ್ಲಿ ಕಂಡದ್ದೇ ನೋವಿಗೆ ಕಾರಣ ಎಂದೇನೂ ಇಲ್ಲ. ಬಹುಕಾಲದ ಸೊಂಟನೋವಿನಲ್ಲಿ ಶೇ. 15ರಿಂದ 30ರಷ್ಟು ಈ ಕೀಲಿನದ್ದು ಅನ್ನುತ್ತಾರೆ. ಗೊತ್ತುಮಾಡಲು ಕೈಯಲ್ಲೇ ಪರೀಕ್ಷೆ ಇದೆ. ಡಾಕ್ಟರೋ ಫಿಸಿಯೋಥೆರಪಿಸ್ಟೋ ನಿಮ್ಮನ್ನು ಮಲಗಿಸಿ ಸೊಂಟದ ಮೂಳೆಯನ್ನು ಒತ್ತಿ, ಅಗಲಿಸಿ, ತೊಡೆಯನ್ನು ತಳ್ಳಿ ನೋಡುತ್ತಾರೆ. ಇಂಥ ಐದಾರು ಪರೀಕ್ಷೆಗಳಲ್ಲಿ ಮೂರರಲ್ಲಾದರೂ ನಿಮ್ಮ ಅದೇ ನೋವು ಎದ್ದರೆ ಈ ಕೀಲಿನ ಮೇಲೆ ಸಂಶಯ ಗಟ್ಟಿಯಾಗುತ್ತದೆ.

ಇನ್ನು "ಜಾರಿದೆ" ಅನ್ನುವ ಮಾತು. ಈ ಕೀಲು ಅಲ್ಲಾಡುವುದೇ ಎರಡು ನಾಲ್ಕು ಡಿಗ್ರಿ, ಅಷ್ಟೇ. ಸುತ್ತ ಮೂಳೆಗಳನ್ನು ಬಿಗಿದಿಡುವ ಬಲವಾದ ಕಟ್ಟುಗಳಿವೆ. ಸುಮ್ನೆ ಜಾರಿ ಹೋಗುವಂಥದ್ದಲ್ಲ. ಬಸುರಿಯಾದಾಗ ಹಾರ್ಮೋನಿನಿಂದ ಆ ಕಟ್ಟುಗಳು ಸಡಿಲವಾಗುತ್ತವೆ, ಹೆರಿಗೆ ಆದ ಮೇಲೆ ಹೊಟ್ಟೆ ಮತ್ತು ಅಂಡಿನ ಸ್ನಾಯುಗಳಿಗೆ ಮೊದಲಿನ ಶಕ್ತಿ ಬರುವ ಮುಂಚೆಯೇ ನಮ್ಮ ಹೆಂಗಸರು ಹುಲ್ಲಿನ ಕಟ್ಟು ಹೊತ್ತು ಮುರಕಲ್ಲಿನ ಮೆಟ್ಟಿಲು ಹತ್ತುತ್ತಾರೆ, ಮತ್ತೆ ನೋವು ಹೇಗೆ ಹೋಗಬೇಕು ಹೇಳಿ. ಬಾಣಂತನ ಮುಗಿಯಿತು ಅಂದರೆ ಮೈ ಸರಿಯಾಯಿತು ಎಂದು ಮನೆಯವರು ತಿಳಿಯುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಮದ್ದು ಅಂದರೆ ಮುಖ್ಯವಾಗಿ ವ್ಯಾಯಾಮವೇ. ಚಾಪೆಯ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚಿ, ಪಾದ ನೆಲಕ್ಕೆ ಊರಿ. ಹೊಟ್ಟೆ ಸ್ವಲ್ಪ ಬಿಗಿ ಮಾಡಿ, ಅಂಡನ್ನು ನಿಧಾನ ಮೇಲೆತ್ತಿ, ಐದು ಎಣಿಸಿ ಇಳಿಸಿ. ಉಸಿರು ಕಟ್ಟಬೇಡಿ, ಸೊಂಟ ಒಂದು ಬದಿಗೆ ವಾಲಬಾರದು. ಹತ್ತು ಸಲ ಸಾಕು. ಉಳಿದದ್ದನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕಲಿಯಿರಿ, ದಿನವೂ ಮಾಡಿ. ವಾರದಲ್ಲಿ ಗುಣ ಸಿಗುವುದಿಲ್ಲ, ಕೆಲವು ತಿಂಗಳು ಬೇಕು. ಹಾಲು ಕರೆಯಲು ಸ್ವಲ್ಪ ಎತ್ತರದ ಮಣೆ ಇಟ್ಟುಕೊಳ್ಳಿ, ಏಳುವಾಗ ಎರಡೂ ಕಾಲಿಗೆ ಸಮ ಭಾರ ಹಾಕಿ. ಅಡಿಕೆ ಸುಲಿಯಲು ಕೂತರೆ ಅರ್ಧ ಗಂಟೆಗೊಮ್ಮೆ ಎದ್ದು ನಡೆಯಿರಿ. ಮಗ್ಗುಲು ಬದಲಿಸುವಾಗ ಎರಡೂ ಮೊಣಕಾಲು ಜೋಡಿಸಿಕೊಂಡು ಒಟ್ಟಿಗೆ ತಿರುಗಿ. ಪೂರ್ತಿ ಮಲಗಿಕೊಂಡೇ ಇರುವುದು ಮಾತ್ರ ಬೇಡ. ಎಣ್ಣೆ ಹಚ್ಚಿ ಬಿಸಿನೀರು ಹಾಕಿದರೆ ಹಾಯೆನಿಸುತ್ತದೆ, ಹಚ್ಚಿ, ಅಡ್ಡಿ ಇಲ್ಲ. ಇಷ್ಟಕ್ಕೂ ಬಗ್ಗದಿದ್ದರೆ ಸ್ಕ್ಯಾನ್ ನೋಡಿಕೊಂಡು ಕೀಲಿಗೇ ಇಂಜೆಕ್ಷನ್ ಕೊಡುತ್ತಾರೆ. ಆಪರೇಷನ್ ಬೇಕಾಗುವುದು ತೀರಾ ಅಪರೂಪ.

ದನ ಸಾಕುವವರಾದ್ದರಿಂದ ಒಂದು ಮಾತು. ಈ ನೋವಿನ ಜೊತೆ ಬಂದು ಹೋಗುವ ಜ್ವರ, ರಾತ್ರಿ ಬೆವರು ಇದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ. ದನದಿಂದ ಬರುವ ಬ್ರುಸೆಲ್ಲೋಸಿಸ್ ಎಂಬ ಸೋಂಕು ಈ ಕೀಲಿಗೇ ಕೂರುವುದುಂಟು. ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಆಂಟಿಬಯೋಟಿಕ್‌ನಿಂದ ಗುಣವಾಗುತ್ತದೆ. ಹಾಲು ಕಾಯಿಸದೆ ಕುಡಿಯಬೇಡಿ. ಮೂತ್ರ ಕಟ್ಟಿದರೆ, ಕೂರುವ ಜಾಗ ಜೋಮು ಹಿಡಿದರೆ, ಕಾಲಿನ ಬಲ ಹೋದರೆ ಅವತ್ತೇ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ನನ್ನ ಮಗನಿಗೆ 24. ಬೆಳಿಗ್ಗೆ ಎದ್ದಾಗ ಒಂದು ಗಂಟೆ ಸೊಂಟ ಮರಗಟ್ಟಿದಂತೆ ಇರುತ್ತದೆ, ಓಡಾಡಿದರೆ ಕಡಿಮೆ. ಎಕ್ಸ್‌ರೇಯಲ್ಲಿ ಏನೂ ಇಲ್ಲ. (ಉಪ್ಪಳದಿಂದ ಒಬ್ಬ ತಂದೆ)

ಉತ್ತರ: ಇದನ್ನು ಉಳುಕು ಅಂತ ಬಿಡಬೇಡಿ. ಕೆಲಸ ಮಾಡಿದರೆ ಹೆಚ್ಚುವ ನೋವು ಬೇರೆ, ಮಲಗಿದರೆ ಹೆಚ್ಚಿ ಓಡಾಡಿದರೆ ಇಳಿಯುವ ನೋವು ಬೇರೆ. 45ರ ಒಳಗೆ ಶುರುವಾಗಿ ಮೂರು ತಿಂಗಳು ದಾಟಿದ್ದರೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಗುಂಪಿನ, ಅಂದರೆ ಬೆನ್ನುಮೂಳೆ ಮತ್ತು ಮೇಲೆ ಹೇಳಿದ ಸ್ಯಾಕ್ರೋಇಲಿಯಾಕ್ ಕೀಲುಗಳ ಉರಿಯೂತ ಇರಬಹುದು. ಅದರಲ್ಲಿ ಎಕ್ಸ್‌ರೇ ವರ್ಷಗಟ್ಟಲೆ ಸರಿಯಾಗಿಯೇ ಕಾಣಬಹುದು. ಕಣ್ಣು ಕೆಂಪಾಗಿ ನೋವು ಬಂದಿತ್ತಾ, ಸೋರಿಯಾಸಿಸ್ ಎಂಬ ಚರ್ಮದ ಕಾಯಿಲೆ ಇದೆಯಾ ಕೇಳಿ. ರುಮಟಾಲಜಿಸ್ಟ್ (ಕೀಲುವಾತದ ತಜ್ಞರು) ಹತ್ತಿರ ಕರೆದುಕೊಂಡು ಹೋಗಿ. ಎಂಆರ್‌ಐ ಮಾಡಿಸುವುದಾದರೆ ಬೆನ್ನಿನದ್ದು ಮಾತ್ರ ಸಾಲದು, ಈ ಕೀಲುಗಳದ್ದೂ ಬೇಕು. ಈ ಕಾಯಿಲೆಗೆ ನಂಟಿರುವ ಜೀನ್ ಇದೆಯಾ ಎಂದು ನೋಡುವ ಎಚ್‌ಎಲ್‌ಎ-ಬಿ27 ರಕ್ತಪರೀಕ್ಷೆ ನೆಗೆಟಿವ್ ಬಂತು ಅಂತ ಕಾಯಿಲೆ ಇಲ್ಲ ಎಂದಲ್ಲ. ಬೇಗ ಹಿಡಿದರೆ ಒಳ್ಳೆಯ ಮದ್ದುಗಳಿವೆ. ಸಿಗರೇಟ್ ಸೇದುತ್ತಿದ್ದರೆ ಬಿಡಿಸಿ.

ಪ್ರಶ್ನೆ: ಏಳು ತಿಂಗಳ ಬಸುರಿ. ಇದೇ ನೋವು. ಬೆಲ್ಟ್ ಕಟ್ಟಬಹುದೇ? (ಪೆರ್ಲ)

ಉತ್ತರ: ಕಟ್ಟಬಹುದು. ಹೊಟ್ಟೆಯ ಮೇಲಲ್ಲ, ಹೊಟ್ಟೆಯ ಕೆಳಗೆ ಸೊಂಟದ ಮೂಳೆಗಳ ಸುತ್ತ ಬರಬೇಕು. ನಡೆಯುವಾಗ ಕಟ್ಟಿ, ಮಲಗುವಾಗ ಬಿಚ್ಚಿ, ಮೊಣಕಾಲಿನ ನಡುವೆ ದಿಂಬು ಇಟ್ಟುಕೊಳ್ಳಿ. ಬ್ರೂಫೆನ್ ತರದ ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಬೇಡಿ. ಕಾಲು ಎಷ್ಟು ಅಗಲಿಸಿದರೆ ನೋವು ಶುರುವಾಗುತ್ತದೆ ಎಂದು ಈಗಲೇ ನೋಡಿಟ್ಟುಕೊಂಡು ನಿಮ್ಮ ಡಾಕ್ಟರಿಗೆ ಹೇಳಿ, ಹೆರಿಗೆ ಹೊತ್ತಿನಲ್ಲಿ ಅವರು ಅದನ್ನು ಗಮನದಲ್ಲಿ ಇಟ್ಟುಕೊಳ್ಳುತ್ತಾರೆ.