ಹಳೆಯ ಅಮೆರಿಕನ್ ರೇಡಿಯೋ ನಾಟಕದ ಒಂದೇ ಕಂತು ಒಂದು ಕಡೆ ಸ್ಪಷ್ಟ, ಇನ್ನೊಂದು ಕಡೆ ಮಂಕು. ಏಕೆ? ಒಳ್ಳೆಯ ಪ್ರತಿ ಆರಿಸುವುದು ಹೇಗೆ?

ನೀವು ಕೇಳುತ್ತಿರುವುದು ಬಹುತೇಕ ನಕಲಿನ ನಕಲು. ಮೂಲದಿಂದ ಅದು ಎಷ್ಟು ಕೈ ದಾಟಿ ಬಂದಿದೆ ಎಂಬುದರ ಮೇಲೆ ಸ್ಪಷ್ಟತೆ ನಿಂತಿದೆ.

1930–40ರ ದಶಕದಲ್ಲಿ ಇವು ಹೆಚ್ಚಾಗಿ ನೇರ ಪ್ರಸಾರ. ಉಳಿಸಿಕೊಳ್ಳಬೇಕೆಂದರೆ ಲ್ಯಾಕರ್ (ಒಂದು ಬಗೆಯ ಮೆರುಗು ಲೇಪ) ಬಳಿದ 16 ಇಂಚಿನ ಅಲ್ಯೂಮಿನಿಯಂ ತಟ್ಟೆಯಲ್ಲಿ ಕೊರೆಯುತ್ತಿದ್ದರು. ಒಂದು ಬದಿಗೆ ಸುಮಾರು 15 ನಿಮಿಷ. ಅರ್ಧ ಗಂಟೆಯ ನಾಟಕದ ನಟ್ಟನಡುವೆ ದನಿ ಥಟ್ಟನೆ ಬೇರೆಯಾದರೆ ಬಹುಶಃ ಅಲ್ಲಿ ಬದಿ ಬದಲಾಗಿದೆ. ಆಮೇಲೆ ಸಂಗ್ರಾಹಕರು ಟೇಪಿನಿಂದ ಟೇಪಿಗೆ ಇಳಿಸಿಕೊಂಡರು. ಪ್ರತಿ ಸಲವೂ ಗೊರಗೊರ ಹೆಚ್ಚಿತು, ವೇಗವೂ ಏರುಪೇರಾಯಿತು. ಕೊನೆಗೆ ಯಾರೋ 32 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್; ಕಡಿಮೆಯಾದಷ್ಟೂ ದನಿ ಸವೆಯುತ್ತದೆ) ಎಂಪಿ3 ಮಾಡಿ ‘ಸ’, ‘ಶ’ಗಳನ್ನೂ ನುಂಗಿಹಾಕಿದರು.

ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಆನ್‌ಲೈನ್ ಸಂಗ್ರಹದಲ್ಲಿ ಒಂದೇ ಕಂತಿನ ಎರಡು-ಮೂರು ಪ್ರತಿ ಹೋಲಿಸಿ ನೋಡಿ. ಫ್ಲ್ಯಾಕ್ (ದನಿಯ ವಿವರ ಕಳೆಯದ ಕಡತ) ಅಥವಾ 128 ಕೆಬಿಪಿಎಸ್ ಎಂಪಿ3 ಸಿಕ್ಕರೆ ಅದೇ ಇರಲಿ. ಅವಧಿಯನ್ನೂ ಗಮನಿಸಿ. ಅರ್ಧ ಗಂಟೆಯ ಪೂರ್ಣ ಕಂತು 29 ನಿಮಿಷ 30 ಸೆಕೆಂಡಿನ ಆಸುಪಾಸು ಇರಬೇಕು. 31 ನಿಮಿಷ ಓಡಿ, ಹೆಂಗಸರ ದನಿಯೂ ದಪ್ಪಗೆ ಕೇಳಿಸಿದರೆ ಟೇಪು ನಿಧಾನ ಓಡಿದೆ. ದನಿ ತಿದ್ದುವ ಉಚಿತ ತಂತ್ರಾಂಶ ಆಡಾಸಿಟಿಯಲ್ಲಿ ‘ಸ್ಪೀಡ್’ ಅನ್ನು ಶೇ. 5 ಏರಿಸಿದರೆ ಸರಿಹೋಗುತ್ತದೆ. ‘ಟೆಂಪೋ’ ಮುಟ್ಟಬೇಡಿ, ಅವಧಿ ಇಳಿದರೂ ದನಿ ದಪ್ಪಗೇ ಉಳಿಯುತ್ತದೆ.

ಗೊರಗೊರ ಪೂರ್ತಿ ಅಳಿಸಲು ಹೋದರೆ ಮಾತು ನೀರೊಳಗಿಂದ ಬಂದಂತಾಗುತ್ತದೆ, ಸ್ವಲ್ಪ ಇರಲಿ ಬಿಡಿ. ಯುದ್ಧಕಾಲದಲ್ಲಿ ಸೈನಿಕರಿಗೆಂದು ಕಳಿಸಿದ ತಟ್ಟೆಗಳಲ್ಲಿ ಮಾತ್ರ ಈ ಅವಧಿಯ ಲೆಕ್ಕ ನಂಬಬೇಡಿ: ಜಾಹೀರಾತು ಕತ್ತರಿಸಿ ಆ ಜಾಗಕ್ಕೆ ಸಂಗೀತ ತುಂಬುತ್ತಿದ್ದರು.