ಮೊದಲು ಹೇಳಿದವನು ಗೆಳೆಯ, ಅವಳು ಇಷ್ಟಪಟ್ಟಿದ್ದು ನನ್ನನ್ನು

'ನಾನು ಕಾಸರಗೋಡಿನ ಬದಿಯಡ್ಕ ಕಡೆಯವನು, ವಯಸ್ಸು 25. ಬೆಂಗಳೂರಿನಲ್ಲಿ ಕೆಲಸ. ಊರಿನ ಕನ್ನಡ ಮೀಡಿಯಂ ಶಾಲೆಯಿಂದಲೂ ಜೊತೆಗಿರುವ ಗೆಳೆಯನೇ ರೂಮ್‌ಮೇಟ್. ಶನಿವಾರ ರಾತ್ರಿ ಅವನ ಆಫೀಸಿನ ಹುಡುಗಿಯೊಬ್ಬಳೂ ಸೇರಿ ಮೂವರು ಇಂದಿರಾನಗರದ ಪಬ್‌ಗೆ ಹೋಗುತ್ತೇವೆ. ಗೆಳೆಯನಿಗೆ ಅವಳೆಂದರೆ ಪ್ರಾಣ. ನನ್ನ ಪರವಾಗಿ ನೀನೇ ಅವಳ ಹತ್ತಿರ ಮಾತಾಡು ಅಂದಿದ್ದ, ನಾನೂ ಒಪ್ಪಿದ್ದೆ. ಹೋದ ತಿಂಗಳು ಅವನು ಕ್ಯಾಬ್ ನೋಡಲು ಹೋದಾಗ ಅವಳು ನನ್ನ ಕೈ ಹಿಡಿದು, ನನಗೆ ಇಷ್ಟ ಇರೋದು ನೀನು ಅಂದಳು. ನನಗೂ ಇಷ್ಟವೇ. ಅವನಿಗಿನ್ನೂ ಹೇಳಿಲ್ಲ. ಮೊನ್ನೆ ಅವನ ಅಮ್ಮ ಕಣ್ಣೂರು ರೈಲಿಗೆ ಬಂದವರ ಕೈಯಲ್ಲಿ ಹಲಸಿನ ಹಪ್ಪಳ ಕಳಿಸಿದರು. ಡಬ್ಬದ ಮೇಲೆ ಇಬ್ಬರ ಹೆಸರೂ ಇತ್ತು. ನನಗೆ ಅದನ್ನು ತೆರೆಯಲಾಗಲಿಲ್ಲ.'

ತಮ್ಮಾ, ಆ ಡಬ್ಬದ ವಿಷಯ ಓದಿ ನನಗೂ ಕರುಳು ಚುರುಕ್ ಅಂದಿತು.

ಅವನು ಮೊದಲು ಹೇಳಿದ, ಹಾಗಾಗಿ ಅವಳು ಅವನಿಗೇ ಸೇರಬೇಕು ಎಂಬ ಲೆಕ್ಕ ಬಿಟ್ಟುಬಿಡು. ಬಸ್ಸಿನ ಸೀಟಿಗೆ ಟವೆಲ್ ಹಾಕಿ ಹಿಡಿದಿಟ್ಟ ಹಾಗಲ್ಲ ಅದು. ಗೆಳೆತನಕ್ಕಾಗಿ ಬಿಟ್ಟುಕೊಡಲಾ ಅಂತ ಯೋಚಿಸುತ್ತಿದ್ದೀಯ ಅಲ್ವಾ? ಅವಳನ್ನು ಒಂದು ಮಾತೂ ಕೇಳದೆ ಹೇಗೆ ಬಿಟ್ಟುಕೊಡುತ್ತೀಯ?

ಪ್ರೀತಿ ಹುಟ್ಟಿದ್ದು ನಿನ್ನ ತಪ್ಪಲ್ಲ. ಆದರೆ ಮಾತಾಡುತ್ತೇನೆ ಅಂತ ಒಪ್ಪಿಕೊಂಡು ಒಂದು ತಿಂಗಳು ಸುಮ್ನೆ ಇದ್ದದ್ದು ತಪ್ಪು. ಅವನು ಇನ್ನೂ ನಿನ್ನ ಮೇಲೆ ಭರವಸೆ ಇಟ್ಟು ಕಾಯುತ್ತಿದ್ದಾನೆ. ನಾಳೆ ಅವನಿಗೆ ಜಾಸ್ತಿ ಚುಚ್ಚುವುದು ಇದೇ.

ಮೊದಲು ಅವಳನ್ನು ಹಗಲು ಹೊತ್ತು ಭೇಟಿಯಾಗು. ಪಬ್‌ನವರು ಲೈಟ್ ಹಾಕಿ ಎಲ್ಲರನ್ನೂ ಹೊರಗೆ ಕಳಿಸುವ ರಾತ್ರಿ 1 ಗಂಟೆಗೆ ಬಂದ ಮಾತು ನಿಜವೇ ಇರಬಹುದು. ಆದರೂ ಕುಡಿಯದೇ ಇರುವಾಗ, ಕಬ್ಬನ್ ಪಾರ್ಕಿನಲ್ಲೋ ಯಾವುದಾದರೂ ದರ್ಶಿನಿಯಲ್ಲೋ ನಿಂತು ಇನ್ನೊಮ್ಮೆ ಕೇಳು. ಅವಳು ಹೌದು ಅಂದರೆ ಅದೇ ಸಂಜೆ ಅವನಿಗೆ ಹೇಳು. ರೂಮಿನಲ್ಲೇ, ಎದುರು ಕೂತು. ವಾಟ್ಸಾಪ್ ಬೇಡ. ಒಪ್ಪಿಗೆ ಕೇಳಬೇಡ, ತಡಮಾಡಿದ್ದಕ್ಕೆ ಕ್ಷಮೆ ಕೇಳು. ಬೈದರೆ ಬೈಸಿಕೋ. ಅವಳು ಅಲ್ಲ ಅಂದರೂ ನಡೆದದ್ದನ್ನು ಅವನಿಗೆ ಹೇಳಲೇಬೇಕು.

ಊರಿಗೆ ಹೋದಾಗ ಹೇಳೋಣ ಅಂತ ಮುಂದೂಡಬೇಡ. ನಾನೂ ಕಾಸರಗೋಡಿನವಳು, ನಮ್ಮ ಕಡೆ ಸಂಜೆಯೊಳಗೆ ಪೇಟೆಗೆಲ್ಲ ಸುದ್ದಿ ಆಗುತ್ತದೆ. ಪಾಪ, ಅವನಿಗೆ ಅಳಲಿಕ್ಕೂ ಜಾಗ ಇರುವುದಿಲ್ಲ.

ಒಟ್ಟಿಗೆ ಇರುವುದು ಕಷ್ಟ ಅಂತ ಅವನು ಹೇಳಿದರೆ ಬೇರೆ ರೂಮ್ ನೋಡಬೇಕಾದವನು ನೀನು. ಈ ಶನಿವಾರ ಮತ್ತೆ ಮೂವರೂ ಹೊರಗೆ ಹೋಗುವ ಮೊದಲೇ ಇದೆಲ್ಲ ಮುಗಿಸು.